ಅಣ್ಣ ಹೇಳಿದ್ದು ‘ಬೇಡ’

ನಮ್ಮ ಮನೆ ಮಾಲೀಕರಿಗೂ ನನ್ನ ಅಣ್ಣನಿಗೂ ಹನ್ನೊಂದು ವರ್ಷದ ಗೆಳೆತನ. ಅದನ್ನು ಪೂರ್ತಿ ಕಟ್ಟಿದವಳು ನಾನು. ಮಾಲೀಕರು ಗೇಟಿನ ಹತ್ತಿರ ನಿಂತು, "ಆ ಮೂಗನಿಗೆ ಹೇಳು, ಇನ್ನೊಂದ್ ಸಲ ನೀರಿನ ಮೋಟರ್ ಮುಟ್ಟಿದ್ರೆ ಸಾಮಾನು ಬೀದಿಗೆ ಎಸೀತೀನಿ" ಎಂದು ಕೂಗುತ್ತಿದ್ದರು. ನಾನು ಅಣ್ಣನ ಕಡೆ ತಿರುಗಿ, "ಮೋಟರ್ ಹಳೇದಂತೆ, ಶಾಕ್ ಹೊಡೆದೀತು, ಜೋಪಾನ ಅಂತಿದ್ದಾರೆ" ಎಂದು ಕೈಯಲ್ಲಿ ಹೇಳುತ್ತಿದ್ದೆ. ಅಣ್ಣ ಎದೆ ಮುಟ್ಟಿಕೊಂಡು ನಗುತ್ತಿದ್ದ. "ಮುದುಕ ಒಳ್ಳೇವನು ಕಣೆ. ಮುಖ ಮಾತ್ರ ಹರಳೆಣ್ಣೆ ಕುಡಿದೋನ ಥರ." ನಾನು ಮಾಲೀಕರಿಗೆ, "ತಪ್ಪಾಯ್ತು ಅಂಕಲ್, ಇನ್ನು ಮುಟ್ಟಲ್ಲ ಅಂತಿದ್ದಾನೆ" ಎನ್ನುತ್ತಿದ್ದೆ. ಇಬ್ಬರೂ ಸಮಾಧಾನವಾಗಿ ಮನೆಯೊಳಗೆ ಹೋಗುತ್ತಿದ್ದರು.

ಇದನ್ನು ಕಲಿಸಿದ್ದು ಅಮ್ಮ. "ಅವನ ಕೈ ಒರಟು. ನೀನು ಸ್ವಲ್ಪ ನಯ ಮಾಡಿ ಹೇಳು. ಅವನಿಗೆ ಹೇಳೋವಾಗ್ಲೂ ಅಷ್ಟೇ, ನೋವಾಗೋದೆಲ್ಲ ಯಾಕೆ?" ನನಗಾಗ ಏಳು ವರ್ಷ. ಮನೆಗೆ ದುಭಾಷಿ ಬೇಕಿತ್ತು, ಬಾಯಿ ಮುಚ್ಚದ ನಾನಿದ್ದೆ. ಕಿವುಡರಲ್ಲಿ ಎಲ್ಲರಿಗೂ ಒಂದು ಕೈಹೆಸರು ಇರುತ್ತದೆ. ಅಣ್ಣ ನನಗೆ ಇಟ್ಟದ್ದು ತುಟಿಯ ಮುಂದೆ ಬೆರಳುಗಳನ್ನು ಪಟಪಟ ಬಡಿಯುವ ಹೆಸರು. ಕನ್ನಡದಲ್ಲಿ ಹೇಳಬೇಕೆಂದರೆ ‘ವಟವಟಿ’.

ಅಣ್ಣ ಕಿಟಕಿ ಗ್ರಿಲ್ ಮಾಡುವ ಶೆಡ್ಡಿನಲ್ಲಿ ವೆಲ್ಡರ್. ಅತ್ತಿಗೆಗೂ ಕಿವಿ ಕೇಳುವುದಿಲ್ಲ, ಅವರ ಮಗಳು ಪುಟ್ಟಿಗೂ ಕೇಳುವುದಿಲ್ಲ. ಅಪ್ಪ, ಅಮ್ಮ ಇಬ್ಬರೂ ಹೋದ ಮೇಲೆ ಮನೆಯಲ್ಲಿ ಕಿವಿ ಇರುವವಳು ನಾನೊಬ್ಬಳೇ. ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಎಣಿಸುವುದು ನನ್ನ ಕೆಲಸ, ಎಣಿಕೆ ತಪ್ಪುವುದೂ ನನ್ನ ಕೆಲಸವೇ.

ಕಳೆದ ವರ್ಷ ಸರ್ಕಾರ ಅಂಗವಿಕಲರಿಗಾಗಿ ಒಂದು ರಾಷ್ಟ್ರೀಯ ಕಾರ್ಯಕ್ರಮ ರೂಪಿಸಲು ಹೊರಟಿತು. ಅಂಗವಿಕಲರನ್ನು ಕೇಳದೆ ಏನನ್ನೂ ಬರೆಯಬಾರದು ಎಂಬ ನಿಯಮವಿತ್ತು, ಒಳ್ಳೆಯ ನಿಯಮವೇ. ಹಾಗಾಗಿ ಸಮಿತಿಗೆ ಕಣ್ಣು ಕಾಣದ ವಕೀಲರೊಬ್ಬರು, ಗಾಲಿಕುರ್ಚಿಯ ಲೆಕ್ಚರರ್ ಒಬ್ಬರು, ಬುದ್ಧಿ ನಿಧಾನವಾಗಿ ಬೆಳೆಯುವ ಹುಡುಗನ ತಾಯಿಯೊಬ್ಬರು ಆಯ್ಕೆಯಾದರು. ಒಬ್ಬ ಕಿವುಡ ಬೇಕಿತ್ತು. ಪುಟ್ಟಿ ಓದುವ ಕಿವುಡ ಮಕ್ಕಳ ಶಾಲೆಯ ಪೋಷಕರು ಅಣ್ಣನನ್ನು ಕಳಿಸಿದರು.

ಕಳಿಸಿದ್ದು ಒಂದೇ ಕಾರಣಕ್ಕೆ. ಶಾಲೆ ಮುಚ್ಚುತ್ತಾರೆ ಎಂಬ ಸುದ್ದಿಯಿತ್ತು.

ಬಸ್ ಡಿಪೋ ಹಿಂದಿನ ನಾಲ್ಕು ಕೋಣೆಗಳ ಶಾಲೆ ಅದು. ತಗಡಿನ ಚಾವಣಿ, ಗಂಟೆಯ ಬದಲು ಬಾಗಿಲ ಮೇಲೊಂದು ಕೆಂಪು ಬಲ್ಬು. ಅದು ಮಿನುಗಿದರೆ ಆಟಕ್ಕೆ ಬಿಡುವು. ಅಲ್ಲಿ ಮೇಷ್ಟ್ರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಕೈಯಲ್ಲಿ ಮಾತಾಡುತ್ತಾರೆ. ಅಣ್ಣ ಆ ಶಾಲೆಗೆ ಬಂದದ್ದು ಹತ್ತನೇ ವಯಸ್ಸಿನಲ್ಲಿ. ಅದಕ್ಕೆ ಮುಂಚೆ ನಾಲ್ಕು ವರ್ಷ ಮಾಮೂಲಿ ಶಾಲೆಯ ಕೊನೆಯ ಬೆಂಚಿನಲ್ಲಿ ಕೂತಿದ್ದ. ಬೋರ್ಡಿನ ಮೇಲಿದ್ದುದನ್ನು ಅಕ್ಷರವೆಂದು ಗೊತ್ತಿಲ್ಲದೆ ಚಿತ್ರದಂತೆ ನೋಡಿ ಬರೆಯುತ್ತಿದ್ದ. ತನಗೊಂದು ಹೆಸರಿದೆ ಎಂದು ಅವನಿಗೆ ತಿಳಿದದ್ದೇ ಹತ್ತನೇ ವಯಸ್ಸಿನಲ್ಲಿ. ಅಪ್ಪನಿಗೂ ಹೆಸರಿದೆ, ನಾಯಿಗೂ ಇದೆ ಎಂದು ಗೊತ್ತಾದ ದಿನ ಮನೆಯಿಡೀ ಓಡಾಡಿ ಸಿಕ್ಕಿದ್ದನ್ನೆಲ್ಲ ಮುಟ್ಟಿ ಇದರ ಹೆಸರೇನು, ಇದರ ಹೆಸರೇನು ಎಂದು ಕೇಳಿದ್ದನಂತೆ. ಕಳೆದುಹೋದ ಆ ನಾಲ್ಕು ವರ್ಷ ಮಾತ್ರ ಮತ್ತೆ ಸಿಗಲಿಲ್ಲ. ಈಗಲೂ ಉದ್ದದ ವಾಕ್ಯ ಓದಲು ಅವನಿಂದಾಗುವುದಿಲ್ಲ.

ಪುಟ್ಟಿಗೆ ಏಳು ವರ್ಷ. ಜಗಳವಾಡುವಾಗ ಅವಳ ಕೈಗಳ ವೇಗಕ್ಕೆ ನನ್ನ ಕಣ್ಣು ಸೋಲುತ್ತದೆ.

"ಸಭೆಗೆ ಪುಟ್ಟಿ ಟೀಚರನ್ನ ಕರ್ಕೊಂಡು ಹೋಗಣ್ಣ. ನನಗೆ ಕಾಲೇಜಿದೆ," ಎಂದೆ.

"ಟೀಚರ್ ಸರ್ಕಾರಿ ಕೆಲಸದವರು. ಇಲಾಖೆ ಎದುರು ಬಾಯಿ ಬಿಟ್ರೆ ಎತ್ತಂಗಡಿ. ನೀನು ಬಾ. ನಿನಗೆ ಹೇಗಿದ್ರೂ ಮಾತಾಡದಿದ್ರೆ ಊಟ ಸೇರಲ್ಲ."

ಸಭೆ ನಡೆಯುತ್ತಿದ್ದುದು ಇಲಾಖೆಯ ಎರಡನೇ ಮಹಡಿಯಲ್ಲಿ. ಉದ್ದನೆಯ ಮೇಜು, ಪ್ರತಿ ಕುರ್ಚಿಯ ಮುಂದೆ ಒಂದು ನೀರಿನ ಬಾಟಲಿ, ಒಂದು ಮೈಕು. ಅಣ್ಣನ ಮುಂದೆಯೂ ಮೈಕು ಇಟ್ಟಿದ್ದರು. ಅವನು ಗುಂಡಿ ಒತ್ತಿ ಕೆಂಪು ದೀಪ ಹೊತ್ತಿಸಿ, ಆರಿಸಿ, "ನಮ್ಮ ಶಾಲೆ ಬಲ್ಬು ಇಲ್ಲಿಗೆ ಬಂದಿದೆ ನೋಡು" ಎಂದ. ನನಗೆ ನಗು ತಡೆಯಲಾಗಲಿಲ್ಲ. ಮೊದಲ ಹತ್ತು ನಿಮಿಷದಲ್ಲೇ ಅವನು ಎಲ್ಲರಿಗೂ ಕೈಹೆಸರು ಇಟ್ಟು ಮುಗಿಸಿದ್ದ. ಅಧ್ಯಕ್ಷೆಯಾಗಿದ್ದ ಕಾರ್ಯದರ್ಶಿ ಮೇಡಂ ಕನ್ನಡಕವನ್ನು ಯಾವಾಗಲೂ ತಲೆಯ ಮೇಲೆ ಏರಿಸಿಕೊಂಡಿರುತ್ತಿದ್ದರು, ಆದ್ದರಿಂದ ಅವರು ‘ತಲೆಗನ್ನಡಕ’. ಯೋಜನೆ ಬರೆಯುವ ಸಲಹೆಗಾರ ‘ಟೈ’. ಮೂಲೆಯಲ್ಲಿ ಕೂತು ನಡಾವಳಿ ಬರೆಯುವ ಹಿರಿಯ ಗುಮಾಸ್ತರು ‘ಕಿವಿಪೆನ್ನು’.

ತಲೆಗನ್ನಡಕ ಕೆಟ್ಟವರಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಗಾಲಿಕುರ್ಚಿಗೆ ಇಳಿಜಾರು ಇಲ್ಲವೆಂದು ಮೊದಲ ದಿನವೇ ಕಂಟ್ರಾಕ್ಟರನನ್ನು ಕರೆಸಿ ಬೈದವರು ಅವರು. ಒಂದೇ ದೋಷವೆಂದರೆ ಅಣ್ಣನಿಗೆ ಹೇಳಬೇಕಾದ್ದನ್ನೆಲ್ಲ ನನ್ನ ಮುಖ ನೋಡಿ ಹೇಳುತ್ತಿದ್ದರು. "ಅವರಿಗೆ ಹೇಳಮ್ಮ." "ಅವರೇನಂತಾರೆ ಕೇಳಮ್ಮ." ಎರಡನೇ ಸಭೆಯ ಹೊತ್ತಿಗೆ, "ಎಷ್ಟು ಚೆನ್ನಾಗಿ ಹೇಳ್ತೀಯಮ್ಮ! ಓದು ಮುಗಿದ ಮೇಲೆ ನಮ್ಮ ಕಾರ್ಯಕ್ರಮದಲ್ಲೇ ನಿನಗೊಂದು ಕೆಲಸ ನೋಡೋಣ" ಎಂದರು. ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅವತ್ತು ಸಂಜೆಯೊಳಗೆ ಗೆಳತಿಯರ ಗ್ರೂಪಿನಲ್ಲಿ ಎಲ್ಲರಿಗೂ ವಿಷಯ ಗೊತ್ತಾಗಿತ್ತು.

ಶಾಲೆಯ ವಿಷಯ ಬಂದದ್ದು ಮೂರನೇ ಸಭೆಯಲ್ಲಿ. ಟೈ ಗೋಡೆಯ ಮೇಲೆ ನಕ್ಷೆ ತೋರಿಸಿದ. ಹಸಿರು ಚುಕ್ಕಿಗಳೆಲ್ಲ ಮಾಮೂಲಿ ಶಾಲೆಗಳು, ಕೆಂಪು ಚುಕ್ಕಿಗಳು ವಿಶೇಷ ಶಾಲೆಗಳು. ಗುಂಡಿ ಒತ್ತಿದರೆ ಕೆಂಪು ಚುಕ್ಕಿಗಳು ಒಂದೊಂದಾಗಿ ಹಸಿರಿನೊಳಗೆ ಸೇರಿ ಮಾಯವಾಗುತ್ತಿದ್ದವು.

"ಮಕ್ಕಳನ್ನ ಬೇರೆ ಇಡೋದು ಯಾಕೆ?" ಎಂದರು ತಲೆಗನ್ನಡಕ. "ಎಲ್ಲ ಮಕ್ಕಳೂ ಒಂದೇ ತರಗತಿಯಲ್ಲಿ ಕೂರಬೇಕು. ಮೂರು ವರ್ಷದಲ್ಲಿ ವಿಶೇಷ ಶಾಲೆಗಳನ್ನ ಮುಚ್ಚಿ, ಹತ್ತಿರದ ಶಾಲೆಗೆ ಸೇರಿಸೋಣ. ಅವರಿಗೆ ಹೇಳಮ್ಮ."

ನಾನು ಹೇಳಿದೆ. ಅದನ್ನು ಹೇಗೆ ನಯ ಮಾಡುವುದು? ಮುಚ್ಚುತ್ತಾರೆ ಎಂದೇ ಹೇಳಿದೆ.

ಅಣ್ಣ ಎದ್ದು ನಿಂತ. ಕೂತೇ ಮಾತಾಡಬಹುದಿತ್ತು, ಆದರೆ ಎದ್ದ. ಬಲಗೈಯಿಂದ ಎಡಗೈ ಅಂಗೈಗೆ ಮೂರು ಸಲ ಹೊಡೆದ. ನಮ್ಮಲ್ಲಿ ಅದು ‘ಬೇಡ’ ಎನ್ನುವ ಮಾತು. ಮೂರು ಸಲ ಎಂದರೆ ಖಂಡಿತ ಬೇಡ.

"ನಾಲ್ಕು ವರ್ಷ ನಾನು ಅಂಥ ತರಗತಿಯಲ್ಲಿ ಕೂತಿದ್ದೆ," ಎಂದ. "ಗೋಣಿಚೀಲ ಇಟ್ಟ ಹಾಗೆ ಇಟ್ಟಿದ್ರು. ಬೆಳಿಗ್ಗೆ ಇಡೋದು, ಹಾಜರಿ ಹಾಕೋದು, ಸಂಜೆ ಎತ್ಕೊಂಡು ಹೋಗೋದು. ನನ್ನ ಮಗಳು ಗೋಣಿಚೀಲ ಅಲ್ಲ. ಅವಳಿಗೆ ಮಾತು ಬರುತ್ತೆ. ನೀವು ಮಾತು ಬರೋ ಮಕ್ಕಳನ್ನ ಮೂಗರನ್ನಾಗಿ ಮಾಡ್ತಿದ್ದೀರಿ. ಅದಕ್ಕೆ ಚಂದದ ಹೆಸರಿಟ್ಟಿದ್ದೀರಿ. ಸುಳ್ಳರು ನೀವು. ನಾನು ಒಪ್ಪಲ್ಲ. ಬೇಡ ಅಂತ ಬರೀರಿ."

ಹದಿನಾಲ್ಕು ಮುಖಗಳು ನನ್ನ ಕಡೆ ತಿರುಗಿದವು. ತಲೆಗನ್ನಡಕ ಮುಗುಳ್ನಗುತ್ತಲೇ ಗಡಿಯಾರ ನೋಡಿದರು. ಮಂತ್ರಿಗಳು ಕಾಯುತ್ತಿದ್ದಾರೆ ಎಂದು ಆಗಲೇ ಎರಡು ಸಲ ಹೇಳಿದ್ದರು. ‘ಸುಳ್ಳರು’ ಎಂಬ ಮಾತು ನನ್ನ ಗಂಟಲಿನವರೆಗೆ ಬಂತು. ಆ ಮುಖಕ್ಕೆ, ನನಗೆ ಕೆಲಸ ಕೊಡುತ್ತೇನೆಂದ ಮುಖಕ್ಕೆ, ಅದನ್ನು ಹೇಗೆ ಎಸೆಯುವುದು? ನಾನು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡೆ.

"ಅವರು ತಮ್ಮ ಸ್ವಂತ ಅನುಭವ ಹೇಳ್ತಿದ್ದಾರೆ ಮೇಡಂ. ಮಾಮೂಲಿ ಶಾಲೆಯಲ್ಲಿ ಅವರಿಗೆ ಸ್ವಲ್ಪ ಕಷ್ಟ ಆಗಿತ್ತು. ಅದಕ್ಕೇ, ಮಕ್ಕಳನ್ನ ಸೇರಿಸೋಕೆ ಮುಂಚೆ ಅಲ್ಲಿ ಎಲ್ಲ ಸೌಲಭ್ಯ ಮಾಡಿಕೊಡಿ ಅಂತ ವಿನಂತಿ ಮಾಡ್ಕೋತಿದ್ದಾರೆ."

"ಖಂಡಿತ, ಖಂಡಿತ!" ಎಂದರು ತಲೆಗನ್ನಡಕ. ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು. ಅವರು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು.

ಅಣ್ಣನಿಗೆ ಚಪ್ಪಾಳೆ ಕಾಣಿಸಿತು. ಅವನು ನನ್ನ ಕಡೆ ನೋಡಿದ. "ಕೇಳಿಸ್ಕೊಂಡ್ರಾ?"

"ಕೇಳಿಸ್ಕೊಂಡ್ರು," ಎಂದೆ.

ಆ ವಾರವಿಡೀ ಅವನು ಬಸ್ ಡಿಪೋ ಹಿಂದಿನ ಶಾಲೆಯ ಗೇಟಿನ ಮುಂದೆ ನಿಂತು ಪೋಷಕರಿಗೆಲ್ಲ ಕಥೆ ಹೇಳಿದ. ಹೇಗೆ ಎದ್ದು ನಿಂತೆ, ಹೇಗೆ ಅಂಗೈಗೆ ಹೊಡೆದೆ, ದೊಡ್ಡ ದೊಡ್ಡವರೆಲ್ಲ ಹೇಗೆ ಚಪ್ಪಾಳೆ ತಟ್ಟಿದರು ಎಂದು. ಪುಟ್ಟಿ ಅವನ ಪಕ್ಕ ನಿಂತು ‘ತಲೆಗನ್ನಡಕ’ದ ಪಾತ್ರ ಮಾಡುತ್ತಿದ್ದಳು. ನಾನೂ ನಕ್ಕೆ. ಹೇಗೂ ಯೋಜನೆಯ ಕರಡು ಬರಲಿ, ಆಮೇಲೆ ತಿದ್ದಿಸಿದರಾಯಿತು ಎಂದುಕೊಂಡಿದ್ದೆ. ದೇವರಾಣೆ, ಹಾಗೇ ಅಂದುಕೊಂಡಿದ್ದೆ.

ಕರಡು ಬಂತು. ಇನ್ನೂರ ನಲವತ್ತು ಪುಟ. ಕ್ಯಾಂಟೀನಿನಲ್ಲಿ ಕೂತು ಫೋನಿನಲ್ಲಿ ಬೆರಳು ನೋಯುವವರೆಗೆ ಸರಿಸಿದ ಮೇಲೆ ಆ ಸಾಲು ಸಿಕ್ಕಿತು: "ವಿಶೇಷ ಶಾಲೆಗಳನ್ನು ವಿಲೀನಗೊಳಿಸುವ ಪ್ರಸ್ತಾವವನ್ನು ಶ್ರವಣದೋಷವುಳ್ಳವರ ಪ್ರತಿನಿಧಿಯವರು, ಸೂಕ್ತ ಸೌಲಭ್ಯಗಳ ಕೋರಿಕೆಯೊಂದಿಗೆ, ಸ್ವಾಗತಿಸಿದರು."

ಕ್ಲಾಸು ಬಿಟ್ಟು ನೇರ ಇಲಾಖೆಗೆ ಓಡಿದೆ.

ಕಿವಿಪೆನ್ನು ಊಟದ ಡಬ್ಬಿ ತೊಳೆದು ಕವುಚುತ್ತಿದ್ದರು. "ಸರ್, ಇದು ತಪ್ಪಾಗಿದೆ. ಅಣ್ಣ ಸ್ವಾಗತ ಮಾಡಿಲ್ಲ. ಬೇಡ ಅಂದಿದ್ದ."

"ನನ್ನ ಮೂವತ್ತು ವರ್ಷದ ಸರ್ವೀಸಲ್ಲಿ ನಡಾವಳಿ ತಪ್ಪಿಲ್ಲ ತಾಯಿ," ಎಂದು ಅವರು ಸ್ವಲ್ಪ ನೊಂದುಕೊಂಡೇ ಕಂಪ್ಯೂಟರ್ ಆನ್ ಮಾಡಿದರು. "ರೆಕಾರ್ಡಿಂಗ್ ಇದೆ. ನೀನೇ ಕೇಳು."

ಮೊದಲು ತಲೆಗನ್ನಡಕದವರ ಧ್ವನಿ. ಕುರ್ಚಿ ಸರಿದ ಸದ್ದು. ಆಮೇಲೆ ಪಟ್, ಪಟ್, ಪಟ್. ಆಮೇಲೆ ಒಂದು ನಿಮಿಷದಷ್ಟು ಏನೂ ಇಲ್ಲ. ಫ್ಯಾನಿನ ಗುಂಯ್ ಶಬ್ದ, ಯಾರೋ ಕೆಮ್ಮಿದ್ದು, ಅಷ್ಟೇ. ಕೊನೆಗೆ ನನ್ನ ಧ್ವನಿ. ಎಷ್ಟು ಇಂಪಾಗಿತ್ತು! "ವಿನಂತಿ ಮಾಡ್ಕೋತಿದ್ದಾರೆ."

"ಮಧ್ಯೆ ಪಟಪಟ ಅಂತ ಇದೆಯಲ್ಲ, ಮೈಕ್ ಕೆಟ್ಟಿದೆ ಅಂತ ನಾನು ಕಂಪ್ಲೇಂಟೂ ಬರೆದಿದ್ದೆ," ಎಂದರು ಕಿವಿಪೆನ್ನು.

"ಸರ್, ಅದು ನನ್ನ ಅಣ್ಣ."

ಅವರು ಪೆನ್ನನ್ನು ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟರು. "ನಾನು ತಿದ್ದೋಕಾಗಲ್ಲ ತಾಯಿ. ಬುಧವಾರ ಕೊನೇ ಸಭೆ. ನಡಾವಳಿ ಓದಿ ಎಲ್ಲರ ಸಹಿ ತಗೋತಾರೆ. ಸಹಿಗೆ ಮುಂಚೆ ನಿಮ್ಮಣ್ಣನೇ ಹೇಳಬೇಕು. ಅವರೇ ಹೇಳಬೇಕು," ಎಂದು ಎರಡು ಸಲ ಹೇಳಿದರು.

ಬುಧವಾರ ಸಭೆಗೆ ಅರ್ಧ ಗಂಟೆ ಇರುವಾಗ, ಎರಡನೇ ಮಹಡಿಯ ಕಾರಿಡಾರಿನಲ್ಲಿ, ಹಳೆಯ ಬೀರುಗಳ ಸಾಲಿನ ಪಕ್ಕ ನಿಂತು ನಾನು ಅಣ್ಣನಿಗೆ ಹೇಳಿದೆ. ಅವನು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದಿದ್ದ. ಬೆರಳುಗಳ ಮೇಲೆ ವೆಲ್ಡಿಂಗ್ ಕಿಡಿ ಸುಟ್ಟ ಕಲೆಗಳು. ಬೈಯುತ್ತಾನೆ ಎಂದುಕೊಂಡಿದ್ದೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಅವನು ನನ್ನ ಕೈಗಳನ್ನೇ ನೋಡುತ್ತ ನಿಂತ. ಅವು ನಿಂತ ಮೇಲೂ ನೋಡುತ್ತಿದ್ದ.

"ಅವತ್ತು ಮಾತ್ರಾನಾ?" ಎಂದು ಕೇಳಿದ.

ಅಲ್ಲ ಎಂದು ತಲೆಯಾಡಿಸಿದೆ.

"ಶೆಡ್ ಯಜಮಾನ? ನನ್ನ ಕೆಲಸ ಮೆಚ್ಕೊಂಡ ಅಂದಿದ್ದೆ."

"ಬೇಗ ಮಾಡು ಅಂದಿದ್ದ."

"ಮನೆ ಮುದುಕ?"

ನಾನು ತಲೆ ತಗ್ಗಿಸಿದೆ. ಅವನು ನನ್ನ ಗಲ್ಲ ಹಿಡಿದು ಮೇಲೆತ್ತಿದ. ತಲೆ ತಗ್ಗಿಸಿದರೆ ಅವನಿಗೆ ಮಾತು ಕಾಣುವುದಿಲ್ಲ.

"ಅಮ್ಮ," ಎಂದ. "ಆಸ್ಪತ್ರೆಯಲ್ಲಿ, ಕೊನೇ ದಿನ. ಅಮ್ಮ ನನ್ನ ಮುಖ ನೋಡಿ ಏನೋ ಹೇಳಿದ್ರು. ನೀನೇ ನನ್ನ ಬಂಗಾರ, ತಂಗೀನ ನೋಡ್ಕೋ ಅಂತ ನೀನು ಹೇಳಿದೆ. ಅದು ಅಮ್ಮ ಹೇಳಿದ್ದಾ, ನೀನು ಹೇಳಿದ್ದಾ?"

ಈಗಲೂ ಒಂದು ಸುಳ್ಳಿಗೆ ಜಾಗವಿತ್ತು. ಅದನ್ನು ಹೇಳಿದ್ದರೆ ಯಾರಿಗೂ ನಷ್ಟವಾಗುತ್ತಿರಲಿಲ್ಲ.

"ಚಳಿ ಆಗ್ತಿದೆ, ಫ್ಯಾನ್ ಆಫ್ ಮಾಡು ಅಂದ್ರು."

"ಫ್ಯಾನ್," ಎಂದ ಅಣ್ಣ. ಒಂದು ಬೆರಳನ್ನು ಗಾಳಿಯಲ್ಲಿ ಎರಡು ಸುತ್ತು ತಿರುಗಿಸಿ ನಿಲ್ಲಿಸಿದ. "ಮಾಡಿದ್ಯಾ?"

"ಇಲ್ಲ. ನಾನು ಅಳ್ತಾ ಇದ್ದೆ."

ಅವನು ಬಾಗಿಲು ತಳ್ಳಿ ಒಳಗೆ ಹೋದ.

ಸಭೆಯಲ್ಲಿ ತಲೆಗನ್ನಡಕ ಲವಲವಿಕೆಯಿಂದಿದ್ದರು. ಸಂಜೆಗೆ ಕಡತ ಸಂಪುಟಕ್ಕೆ ಹೋಗಬೇಕಿತ್ತು. ನಡಾವಳಿ ಓದಿಸಿ, "ಎಲ್ಲರಿಗೂ ಒಪ್ಪಿಗೆ ತಾನೇ?" ಎಂದರು. ಅಣ್ಣ ಎದ್ದು ನಿಂತು ಅಂಗೈಗೆ ಮೂರು ಸಲ ಹೊಡೆದ. ಈ ಸಲ ಅವನು ಹೇಳಿದ್ದನ್ನೆಲ್ಲ ನಾನು ಹೇಳಿದೆ. ಗೋಣಿಚೀಲ ಹೇಳಿದೆ. ಸುಳ್ಳರು ಎಂದೂ ಹೇಳಿದೆ. "ಹೋದ ಸಲ ನಾನು ಬೇಡ ಅಂದಿದ್ದೆ, ನನ್ನ ತಂಗಿ ಅದನ್ನ ತಿರುಚಿ ಹೇಳಿದ್ದಾಳೆ" ಎಂದೂ ಹೇಳಿದೆ. ನನ್ನ ಬಗ್ಗೆ ನಾನೇ ‘ನನ್ನ ತಂಗಿ’ ಎಂದು ಮೈಕಿನಲ್ಲಿ ಹೇಳುವಾಗ ಗಾಲಿಕುರ್ಚಿಯ ಲೆಕ್ಚರರ್ ಕಣ್ಣು ಮುಚ್ಚಿಕೊಂಡರು.

ತಲೆಗನ್ನಡಕ ಕನ್ನಡಕವನ್ನು ಮೊದಲ ಸಲ ಕಣ್ಣಿಗೆ ಇಳಿಸಿಕೊಂಡರು.

"ನೋಡಮ್ಮ, ನನಗೆ ಒಂದು ಅರ್ಥ ಆಗ್ತಿಲ್ಲ. ಅವತ್ತು ನೀನು ಹೇಳಿದ್ದು ಸುಳ್ಳು ಅಂತ ಇವತ್ತು ನೀನೇ ಹೇಳ್ತಿದ್ದೀಯ. ಇವತ್ತು ಹೇಳ್ತಿರೋದು ನಿಜ ಅಂತ ನಾವು ಹೇಗೆ ನಂಬೋದು?"

ಅದು ವ್ಯಂಗ್ಯವಾಗಿರಲಿಲ್ಲ. ಅವರು ನಿಜವಾಗಿಯೂ ಕೇಳುತ್ತಿದ್ದರು. ಕಣ್ಣು ಕಾಣದ ವಕೀಲರು, "ಬೇರೆ ದುಭಾಷಿ ಕರೆಸಿ ಮೇಡಂ, ಒಂದು ವಾರ ಮುಂದೂಡಿ" ಎಂದರು. "ವಾರ ಎಲ್ಲಿದೆ ಸರ್? ಸಾಲಾಗಿ ಚುನಾವಣೆಗಳು ಬರ್ತಿವೆ," ಎಂದ ಟೈ. ಅಣ್ಣ ನನ್ನ ತೋಳು ಅಲುಗಿಸಿ ಏನಂತೆ ಎಂದ. ನಾನು ಒಂದಕ್ಷರ ಬಿಡದೆ ಹೇಳಿದೆ. ಅವನು ಕಾಗದ ಕೇಳಿದ.

ಅವನು ಬರೆಯುವುದನ್ನು ಹದಿನಾಲ್ಕು ಜನ ಕಾದು ಕೂತರು. ಐದು ನಿಮಿಷ ಹಿಡಿಯಿತು. ಬೆವರು ಕಾಗದದ ಮೇಲೆ ಬಿತ್ತು. "ಶಾಲೆ ಮುಚ್ಚು ಬೇಡ. ನಾನು ಹಿಂದೆ ಬೆಂಚು ನಾಲ್ಕು ವರ್ಷ ಚೀಲ. ಮಗಳು ಕೈ ಮಾತು ಇದೆ ಹೋಗು ಬೇಡ."

ತಲೆಗನ್ನಡಕ ಅದನ್ನು ಎರಡು ಸಲ ಓದಿದರು. ಪಕ್ಕಕ್ಕೆ ಬಾಗಿ, "ಇದನ್ನ ಏನಂತ ತಗೊಳ್ಳೋದು?" ಎಂದು ಟೈಯನ್ನು ಕೇಳಿದರು. "ಅನುಬಂಧದಲ್ಲಿ ಸೇರಿಸೋಣ ಮೇಡಂ, ಸದಸ್ಯರ ಕೈಬರಹ ಅಂತ. ಚೆನ್ನಾಗಿರುತ್ತೆ," ಎಂದ ಅವನು. ಉಳಿದವರ ಸಹಿಗಳಾದವು. ವಕೀಲರು ಮಾತ್ರ ಹಾಕಲಿಲ್ಲ. ಅಣ್ಣನ ಹೆಸರಿನ ಮುಂದೆ ಖಾಲಿ ಉಳಿಯಿತು. ಖಾಲಿ ಉಳಿದರೂ ಕಡತ ಹೊರಡುತ್ತದೆ ಎಂದು ನಮಗೆ ಆಮೇಲೆ ತಿಳಿಯಿತು.

ಮೂರು ವರ್ಷ ಎಂದದ್ದು ಎಂಟು ತಿಂಗಳಲ್ಲೇ ಆಯಿತು. ನಮ್ಮ ಶಾಲೆಯೇ ಮೊದಲ ಪಟ್ಟಿಯಲ್ಲಿತ್ತು, ಡಿಪೋಗೆ ಜಾಗ ಬೇಕಿತ್ತಂತೆ. ಟೀಚರನ್ನು ದೂರದ ಕಚೇರಿಯೊಂದಕ್ಕೆ ಹಾಕಿದರು. ಪುಟ್ಟಿಗೆ ಹತ್ತಿರದ ಮಾಮೂಲಿ ಶಾಲೆ ಸಿಕ್ಕಿತು. ಸೌಲಭ್ಯವೆಂದು ಹೊಸ ಬಣ್ಣ ಹೊಡೆದಿದ್ದರು, ಇಳಿಜಾರು ಕಟ್ಟಿದ್ದರು. ಪುಟ್ಟಿಗೆ ಇಳಿಜಾರು ಯಾಕೆ ಬೇಕು? ಅವಳು ಮೆಟ್ಟಿಲನ್ನು ಎರಡೆರಡಾಗಿ ಹಾರುವವಳು. ಕೈಭಾಷೆ ಬರುವ ಶಿಕ್ಷಕರು ಬರುವವರೆಗೆ ಕುಟುಂಬದ ಸದಸ್ಯರೊಬ್ಬರು ತರಗತಿಯಲ್ಲಿ ಕೂತು ನೆರವಾಗಬಹುದು ಎಂದು ಸುತ್ತೋಲೆಯಲ್ಲಿತ್ತು.

ಕುಟುಂಬದಲ್ಲಿ ಕಿವಿ ಇರುವವಳು ಒಬ್ಬಳೇ.

ಆ ಬುಧವಾರದಿಂದ ಅಣ್ಣ ನನ್ನ ಮೂಲಕ ಯಾರೊಂದಿಗೂ ಮಾತಾಡಿರಲಿಲ್ಲ. ಅಂಗಡಿಯಲ್ಲಿ ಬೆರಳು ತೋರಿಸುತ್ತಿದ್ದ, ಶೆಡ್ಡಿನಲ್ಲಿ ಚಿತ್ರ ಬರೆದು ತೋರಿಸುತ್ತಿದ್ದ. ಮಾಲೀಕರು ಗೇಟಿನಲ್ಲಿ ನಿಂತು ಕೂಗಿದರೆ ನಿಂತು ನೋಡಿ, ತಾನೇನೂ ಹೇಳದೆ ಒಳಗೆ ಬರುತ್ತಿದ್ದ. ಸುತ್ತೋಲೆ ಬಂದಾಗ ಎರಡು ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದ. ಮೂರನೇ ದಿನ ನನ್ನ ಮುಂದೆ ಬಂದು ಕೂತ.

"ನನಗೆ ಬೇರೆ ಯಾರೂ ಇಲ್ಲ," ಎಂದ. "ಬೆಳಿಗ್ಗೆ ಹೊತ್ತು ನೀನು ಹೋಗು. ಅಲ್ಲಿ ಏನು ಹೇಳ್ತಾರೋ ಅದನ್ನೇ ಅವಳಿಗೆ ಹೇಳು. ಕೆಟ್ಟದ್ದಾದ್ರೂ ಅದನ್ನೇ ಹೇಳು. ಅವಳು ಏನು ಹೇಳ್ತಾಳೋ ಅದನ್ನೇ ಅವರಿಗೆ ಹೇಳು."

"ಚಿಕ್ಕವಳಣ್ಣ."

"ನನಗೆ ಮೂವತ್ತೊಂದು. ನನಗೂ ಹೇಳಲಿಲ್ಲವಲ್ಲ."

ಮೊದಲ ದಿನ ಪುಟ್ಟಿ ಹೊಸ ಚೀಲ ಹಾಕಿಕೊಂಡು ಬಂದಳು. ತರಗತಿಯಲ್ಲಿ ಅರವತ್ತೆರಡು ಮಕ್ಕಳು. ನಾನು ಅವಳ ಎದುರಿಗೆ, ಮಕ್ಕಳಿಗೆಲ್ಲ ಬೆನ್ನು ಹಾಕಿ, ಮೊಣಕಾಲೂರಿ ಕೂತೆ. ಅವಳು ಕಣ್ಣರಳಿಸಿ ಸುತ್ತ ನೋಡುತ್ತಿದ್ದಳು. ಆಗಲೇ ಮೂವರಿಗೆ ಕೈಹೆಸರು ಇಟ್ಟಿದ್ದಳು.

ಆ ತರಗತಿಯ ಟೀಚರ್ ಹಾಜರಿ ಪುಸ್ತಕ ಮುಚ್ಚಿ ನಮ್ಮ ಹತ್ತಿರ ಬಂದರು. ಆ ಹೊತ್ತಿಗಾಗಲೇ ಅವರ ಧ್ವನಿ ಒಡೆದುಹೋಗಿತ್ತು.

"ಇರೋ ಮಕ್ಕಳೇ ನನ್ನ ತಲೆ ತಿಂತಿದ್ದಾವೆ. ಇದೊಂದು ಕಮ್ಮಿ ಇತ್ತು. ಇದು ಇಲ್ಲಿ ಏನ್ ಕಲಿಯುತ್ತೆ ಹೇಳಿ? ಕೊನೇ ಬೆಂಚಲ್ಲಿ ಕೂರಿಸಿ, ಗಲಾಟೆ ಮಾಡದೆ ಇದ್ರೆ ಸಾಕು."

ಪುಟ್ಟಿ ಟೀಚರ ತುಟಿ ನಿಂತದ್ದನ್ನು ನೋಡಿ ನನ್ನ ಕಡೆ ತಿರುಗಿದಳು. ಹುಬ್ಬು ಮೇಲೇರಿಸಿದಳು. "ಏನಂದ್ರು?"

ನನ್ನ ಕೈಗಳು ಎದೆಯ ಹತ್ತಿರ ಎದ್ದವು. ‘ಬಾ ಪುಟ್ಟಿ ಅಂತಿದ್ದಾರೆ’ ಎನ್ನುವುದು ಬೆರಳಿನ ತುದಿಯಲ್ಲೇ ಇತ್ತು, ಅರ್ಧ ಸೆಕೆಂಡಿನ ಕೆಲಸ. ನಾನು ಟೀಚರ್ ಹೇಳಿದ್ದನ್ನು ಹೇಳಿದೆ. ತಲೆ ತಿನ್ನುವುದನ್ನು ಹೇಳಿದೆ, ಕಮ್ಮಿ ಇತ್ತು ಎನ್ನುವುದನ್ನು ಹೇಳಿದೆ, ಏನು ಕಲಿಯುತ್ತೆ ಎನ್ನುವುದನ್ನು ಹೇಳಿದೆ. ಅವಳ ಹುಬ್ಬುಗಳು ನಿಧಾನವಾಗಿ ಇಳಿದವು. ಅವಳು ಅಳಲಿಲ್ಲ. ಚೀಲದ ಪಟ್ಟಿಯನ್ನು ಸರಿಮಾಡಿಕೊಂಡಳು.

"ಅವರಿಗೆ ಹೇಳು," ಎಂದಳು. "ನನಗೂ ಇಲ್ಲಿಗೆ ಬರೋಕೆ ಇಷ್ಟ ಇರಲಿಲ್ಲ. ನಾನು ಎಂಟರ ಮಗ್ಗಿವರೆಗೂ ಬರೀತೀನಿ. ಅವರಿಗೆ ನನ್ನ ಮಾತು ಕಲಿಯೋಕೆ ಎಷ್ಟು ದಿನ ಬೇಕು, ಕೇಳು."

ನಾನು ಟೀಚರಿಗೆ ಅದನ್ನೆಲ್ಲ ಹೇಳಿದೆ. ಟೀಚರ್ ನನ್ನನ್ನು ನೋಡಿದರು, ಅವಳನ್ನು ನೋಡಿದರು. ಹಿಂದೆ ಯಾರೋ ಹುಡುಗ ಬೆಂಚಿನಿಂದ ಬಿದ್ದ. ಟೀಚರ್ ಅತ್ತ ಓಡಿದರು.

"ಏನಂದ್ರು?" ಎಂದಳು ಪುಟ್ಟಿ.

"ಏನೂ ಹೇಳಲಿಲ್ಲ," ಎಂದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ಪರೀಕ್ಷಿಸಿದಳು. ಆಮೇಲೆ ಕೊನೆಯ ಬೆಂಚಿನ ಕಡೆ ನಡೆದಳು. ನಾನು ಹಿಂದೆ ಹೋದೆ.